‘ರೈಸ್’ ಅಂದರೆ ಅಕ್ಕಿ ಅಲ್ಲ: ಸರ್‌ನೇಮ್ ಚರಿತ್ರೆಯ ಫ್ರೇಮ್ ತರಿಸಿದ ಅನುಭವ

ಐದರಲ್ಲಿ ಎರಡು ಸ್ಟಾರ್. ಒಂದು ಕಾಗದಕ್ಕೆ, ಒಂದು ಮರದ ಕಟ್ಟಿಗೆ. ಬರಹಕ್ಕೆ ಏನೂ ಇಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ತರಿಸುವ ಮುಂಚೆ ನಾನು ಹುಡುಕಿದಾಗ ಇದರ ಬಗ್ಗೆ ಕನ್ನಡದಲ್ಲಿ ಬರೆದದ್ದು ಒಂದೂ ಸಿಗಲಿಲ್ಲ. ಸಿಕ್ಕಿದ್ದರೆ ಸ್ಕೂಲಿನ ದುಡ್ಡು ಉಳಿಯುತ್ತಿತ್ತು.

ವಸ್ತು ಏನು ಅಂದರೆ, ನಾವು ಯಾವುದಾದರೂ ಇಂಗ್ಲಿಷ್ ಸರ್‌ನೇಮ್ ಬರೆದು ಕೊಟ್ಟರೆ ಅದು ಎಲ್ಲಿಂದ ಬಂತು, ಅರ್ಥ ಏನು, ಯಾವ ದೇಶದಲ್ಲಿ ಜಾಸ್ತಿ ಇದೆ ಅನ್ನುವುದನ್ನೆಲ್ಲ ಹಳೇ ಓಲೆಯ ಬಣ್ಣದ ಕಾಗದದ ಮೇಲೆ ಅಚ್ಚು ಹಾಕಿ, ಮೇಲೆ ಒಂದು ಗುರಾಣಿಯ ಲಾಂಛನ ಬರೆದು, ಗಾಜು ಕೂರಿಸಿ, ಮರದ ಕಟ್ಟು ಹಾಕಿ ಮನೆಗೆ ಕಳಿಸುತ್ತಾರೆ. 12 ಇಂಚು ಅಗಲ, 16 ಇಂಚು ಉದ್ದ. ಕೊರಿಯರ್ ಸೇರಿ 2,450 ರೂಪಾಯಿ. ಅಂಗಡಿಯ ಹೆಸರು ಹಾಕುತ್ತಿಲ್ಲ. ಆನ್‌ಲೈನ್‌ನಲ್ಲಿ ಇಂಥವು ಬೇಕಾದಷ್ಟಿವೆ. ನೀವು ಯಾವುದರಲ್ಲಿ ತರಿಸಿದರೂ ನೋಡಬೇಕಾದ್ದು ಇದೇ.

ನಾನು ಸಾಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಲೈಬ್ರರಿ ಕೋಣೆಯ ಗೋಡೆ ಮೇಲೆ ಕುವೆಂಪು ಇದ್ದಾರೆ, ಅನಂತಮೂರ್ತಿ ಇದ್ದಾರೆ. ಈ ವರ್ಷ ಅವರ ಪಕ್ಕದಲ್ಲಿ ಬಿ.ಎಲ್. ರೈಸ್ ಫೋಟೋ ಹಾಕಿದೆವು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಅಪ್ಪ ಲಂಡನ್ ಮಿಷನ್‌ನ ಪಾದ್ರಿ. ಮಗ ಓದಲು ಇಂಗ್ಲೆಂಡಿಗೆ ಹೋಗಿ, ಮತ್ತೆ ವಾಪಸ್ ಬಂದು, ಮೈಸೂರು ಸೀಮೆಯಲ್ಲಿ ಶಾಲೆಗಳ ಇನ್‌ಸ್ಪೆಕ್ಟರ್ ಆದರು. ಶಾಲೆ ನೋಡಲು ಊರೂರು ಸುತ್ತುವಾಗ ಗುಡಿ ಅಂಗಳದಲ್ಲಿ, ಕೆರೆ ಏರಿಯಲ್ಲಿ ನಿಂತ ಕಲ್ಲುಗಳ ಮೇಲೆ ಕಣ್ಣು ಬಿತ್ತು. ಆಮೇಲೆ ಅದೇ ಅವರ ಬದುಕಾಯಿತು. ಎಪಿಗ್ರಾಫಿಯಾ ಕರ್ನಾಟಿಕಾ ಅಂತ 12 ಸಂಪುಟ, ಅದರಲ್ಲಿ ಸುಮಾರು 9,000 ಶಾಸನ. ಶಾಸನ ಪಿತಾಮಹ ಅಂತ ಸುಮ್ನೆ ಕರೆಯುವುದಿಲ್ಲ.

ಅದರಲ್ಲಿ ಎರಡು ಸಂಪುಟ ಪೂರ್ತಿ ನಮ್ಮ ಜಿಲ್ಲೆಗೇ ಮೀಸಲು. 1902ರಲ್ಲಿ ಬಂದ 7ನೇ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ. 1904ರ 8ನೇ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಹೊನ್ನಾಳಿ, ಚನ್ನಗಿರಿ ಈಗ ದಾವಣಗೆರೆಗೆ ಸೇರಿವೆ, ಆಗ ನಮ್ಮವೇ. ಒಂದೊಂದು ಶಾಸನವನ್ನೂ ಕನ್ನಡ ಲಿಪಿಯಲ್ಲಿ, ರೋಮನ್ ಲಿಪಿಯಲ್ಲಿ, ಇಂಗ್ಲಿಷ್ ಅನುವಾದದಲ್ಲಿ ಮೂರು ಥರ ಕೊಟ್ಟಿದ್ದಾರೆ. ನಮ್ಮ ಊರಿನ ಗುಡಿ ಮುಂದಿನ ಕಲ್ಲಿಗೆ ‘ಸಾಗರ ಇಷ್ಟನೇ ನಂಬರು’ ಅಂತ ಪಂಡಿತರು ಇವತ್ತಿಗೂ ಹೇಳುತ್ತಾರಲ್ಲ, ಆ ನಂಬರು ಕೊಟ್ಟವರು ರೈಸ್.

ಫೋಟೋ ಹಾಕಿದ ದಿನ ಎಂಟನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತು ಕೇಳಿದ: ‘ಸರ್, ಇವ್ರ ಮನೇಲಿ ಗದ್ದೆ ಇತ್ತಾ? ಅಕ್ಕಿ ಅಂತ ಯಾಕೆ ಹೆಸರು?’

ಹುಡುಗರೆಲ್ಲ ನಕ್ಕರು. ನನಗೆ ಆ ಪ್ರಶ್ನೆ ತುಂಬ ಹಿಡಿಸಿತು. ನಮ್ಮ ಕಡೆ ಗದ್ದೆಮನೆ, ತೋಟದಮನೆ, ಮೇಲಿನಮನೆ ಅಂತ ಮನೆಯ ಜಾಗದಿಂದಲೇ ಮನೆತನಕ್ಕೆ ಹೆಸರು ಬರುತ್ತದೆ. ಆ ಹುಡುಗನ ಮನೆಗೇ ಗದ್ದೆಮನೆ ಅಂತ ಹೆಸರು. ಅವನಿಗೆ ಹಾಗೆ ಅನ್ನಿಸಿದ್ದು ಸಹಜ ಅಲ್ವಾ. ಇಡೀ ಜಿಲ್ಲೆಯ ಹೆಸರುಗಳನ್ನು ಕಲ್ಲಿನಿಂದ ಬಿಡಿಸಿ ಓದಿಸಿದ ಮನುಷ್ಯನ ಹೆಸರನ್ನೇ ನಾವು ತಪ್ಪಾಗಿ ಓದಬಾರದು ಅಂತ ಅನ್ನಿಸಿತು. ಫೋಟೋ ಪಕ್ಕದಲ್ಲಿ ಆ ಹೆಸರಿನ ಚರಿತ್ರೆಯೂ ಇರಲಿ ಅಂತ ಹೆಡ್‌ಮಾಸ್ಟರನ್ನು ಕೇಳಿ ಇದನ್ನು ಆರ್ಡರ್ ಮಾಡಿದೆ.

ಬರಲು 14 ದಿನ ಆಯಿತು. ಜುಲೈ ತಿಂಗಳು, ಹೊರಗೆ ಮಳೆ ಬಿಟ್ಟೂಬಿಡದೆ ಹೊಡೆಯುತ್ತಿತ್ತು. ನಮ್ಮೂರಿಗೆ ಕೊರಿಯರಿನವರು ಬರುವುದಿಲ್ಲ, ಪೇಟೆಯ ದಿನಸಿ ಅಂಗಡಿಯಲ್ಲಿ ಇಟ್ಟು ಫೋನ್ ಮಾಡುತ್ತಾರೆ. ಡಬ್ಬದ ಒಂದು ಮೂಲೆ ನೆನೆದು ಮೆತ್ತಗಾಗಿತ್ತು. ಒಳಗಡೆ ಗುಳ್ಳೆ ಪ್ಲಾಸ್ಟಿಕ್ಕು ಮೂರು ಸುತ್ತು ಸುತ್ತಿದ್ದರಿಂದ ಗಾಜಿಗೆ ಏನೂ ಆಗಿರಲಿಲ್ಲ. ಪ್ಯಾಕಿಂಗ್ ಚೆನ್ನಾಗಿತ್ತು, ಅದನ್ನು ಒಪ್ಪಬೇಕು.

ಸ್ಟಾಫ್ ರೂಮಿನಲ್ಲಿ ಬಿಚ್ಚಿದೆವು. ಮೊದಲ ನೋಟಕ್ಕೆ ಎಲ್ಲರಿಗೂ ಖುಷಿ. ಕಾಗದ ದಪ್ಪಗಿದೆ, ಬೆರಳಿಗೆ ಸ್ವಲ್ಪ ಒರಟಾಗಿ ಸಿಗುತ್ತದೆ, ಅಂಚು ಕಂದು ಬಣ್ಣಕ್ಕೆ ತಿರುಗಿದ ಹಾಗೆ ಮಾಡಿದ್ದಾರೆ. ಅಕ್ಷರ ಒಂದೂ ಒಡೆದಿಲ್ಲ. ನಾಲ್ಕೂ ಕಡೆ ಅಂಚಿಗೆ ಚಿನ್ನದ ಬಣ್ಣದಲ್ಲಿ ತೆನೆಗಳು. ನಮ್ಮ ಪಿ.ಟಿ. ಮೇಷ್ಟ್ರು ಮನೆಯಲ್ಲಿ ಎರಡು ಎಕರೆ ಗದ್ದೆ ಮಾಡುವವರು, ಕನ್ನಡಕ ಹಾಕಿಕೊಂಡು ಹತ್ತಿರ ಬಗ್ಗಿ ನೋಡಿದರು. ‘ಇದು ಭತ್ತ ಅಲ್ಲ ಕಣ್ರೀ, ಗೋಧಿ. ಭತ್ತ ಬಲಿತ ಮೇಲೆ ಹೀಗೆ ನೆಟ್ಟಗೆ ನಿಲ್ಲಲ್ಲ, ಬಾಗುತ್ತೆ’ ಅಂದರು. ನೋಡಿದರೆ ಹೌದು, ಒಂದೊಂದು ತೆನೆಯೂ ಸೆಟೆದು ನಿಂತಿದೆ, ತುದಿಯಲ್ಲಿ ಉದ್ದುದ್ದ ಮೀಸೆ.

ಭತ್ತ ಬರೆದಿದ್ದರೂ ತಪ್ಪೇ ಅನ್ನುವುದು ಬರಹ ಓದಿದ ಮೇಲೆ ಗೊತ್ತಾಯಿತು. ಮೊದಲ ಸಾಲಿನಲ್ಲೇ ‘ರೈಸ್ ಎಂದರೆ ಅಕ್ಕಿ ಬೆಳೆಯುತ್ತಿದ್ದವರು ಅಥವಾ ಅಕ್ಕಿ ವ್ಯಾಪಾರ ಮಾಡುತ್ತಿದ್ದವರು’ ಅಂತ ಇಂಗ್ಲಿಷ್‌ನಲ್ಲಿ ಬರೆದಿದ್ದಾರೆ. ನಮ್ಮ ಎಂಟನೇ ಕ್ಲಾಸಿನ ಹುಡುಗ ಊಹಿಸಿದ್ದನ್ನೇ 2,450 ರೂಪಾಯಿ ತಗೊಂಡು ಅಚ್ಚು ಹಾಕಿ ಕೊಟ್ಟಿದ್ದಾರೆ. ಹುಡುಗ ಕೇಳಿದ್ದು ಪ್ರಶ್ನೆ. ಇವರು ಕೊಟ್ಟಿದ್ದು ಉತ್ತರ. ಆ ವ್ಯತ್ಯಾಸ ನನಗೆ ತುಂಬ ದೊಡ್ಡದು.

ಇಂಗ್ಲೆಂಡಿನಲ್ಲಿ ಹಿಂದೆ ಭತ್ತ ಬೆಳೆಯುತ್ತಿರಲಿಲ್ಲ. ಅಲ್ಲಿನ ಅಡ್ಡಹೆಸರುಗಳು ಮನೆತನಕ್ಕೆ ಗಟ್ಟಿಯಾಗಿ ಅಂಟಿಕೊಂಡ ಕಾಲದಲ್ಲಿ ಅಕ್ಕಿ ಅನ್ನುವುದು ಹೊರದೇಶದಿಂದ ಬರುತ್ತಿದ್ದ ದುಬಾರಿ ಸಾಮಾನು. ಆ ಧಾನ್ಯದ ‘ರೈಸ್’ ಎಂಬ ಪದ ಫ್ರೆಂಚಿನಿಂದ ಬಂದದ್ದು, ಫ್ರೆಂಚಿಗೆ ಇಟಲಿ ಕಡೆಯಿಂದ, ಅದರ ಹಿಂದೆ ಲ್ಯಾಟಿನ್, ಗ್ರೀಕಿನ ‘ಒರಿಜ’. ಗ್ರೀಕಿಗೆ ಪೂರ್ವದಿಂದ ಹೋಯಿತು ಅನ್ನುತ್ತಾರೆ, ನಮ್ಮ ಅಕ್ಕಿಯ ನಂಟಿನ ತಮಿಳು ‘ಅರಿಶಿ’ಗೂ ಅದಕ್ಕೂ ಸಂಬಂಧ ಕಲ್ಪಿಸುವ ಪಂಡಿತರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಅದು ಬೇರೆಯೇ ಕಥೆ. ಸರ್‌ನೇಮಿಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಎರಡು ಪದಗಳ ಸ್ಪೆಲ್ಲಿಂಗ್ ಒಂದೇ ಆಗಿಬಿಟ್ಟಿದೆ, ಅಷ್ಟೇ.

ಸರ್‌ನೇಮಿನ ಬೇರು ಇರುವುದು ವೇಲ್ಸ್‌ನಲ್ಲಿ. ಇಂಗ್ಲೆಂಡಿನ ಪಶ್ಚಿಮಕ್ಕೆ ಅಂಟಿಕೊಂಡ ಗುಡ್ಡಗಾಡಿನ ನಾಡು, ಮಳೆಯೂ ಜಾಸ್ತಿ, ನಮ್ಮ ಹಾಗೆಯೇ. ಅಲ್ಲಿನ ಭಾಷೆಯಲ್ಲಿ ‘ರೀಸ್’ ಅಂತ ಗಂಡಸರಿಗೆ ಇಡುವ ಹಳೆಯ ಹೆಸರು. ಅರ್ಥ ಹುರುಪು, ಉತ್ಸಾಹ. ಅದೇ ಹೆಸರು ಇಂಗ್ಲಿಷರ ಬಾಯಲ್ಲಿ, ಅವರ ಕಾಗದಪತ್ರದಲ್ಲಿ ಕೆಲವು ಕಡೆ ರೀಸ್ ಆಗಿಯೇ ಉಳಿಯಿತು, ಕೆಲವು ಕಡೆ ರೈಸ್ ಆಯಿತು. ಶಿವಮೊಗ್ಗ ಅವರ ಬಾಯಲ್ಲಿ ಶಿಮೋಗ ಆಗಿ, ಅದನ್ನು ಸರ್ಕಾರಿ ಬೋರ್ಡಿನಿಂದ ತೆಗೆಸಲು ನಮಗೆ 2014ರವರೆಗೂ ಬೇಕಾಯಿತಲ್ಲ, ಹಾಗೆ. ಈ ಹೋಲಿಕೆ ಹೇಳಿದ ಕೂಡಲೇ ಮಕ್ಕಳಿಗೆ ಅರ್ಥ ಆಯಿತು.

ಇನ್ನೂ ಒಂದು ವಿಷಯ ಫ್ರೇಮಿನಲ್ಲಿ ಇರಲೇಬೇಕಿತ್ತು, ಇಲ್ಲ. ವೇಲ್ಸ್‌ನಲ್ಲಿ ಮೊದಲು ಸರ್‌ನೇಮ್ ಅನ್ನುವುದೇ ಇರಲಿಲ್ಲ. ಹೆಸರಿನ ಮುಂದೆ ‘ಅಪ್’ ಅಂತ ಸೇರಿಸಿ ಅಪ್ಪನ ಹೆಸರು ಹೇಳುವುದು. ‘ಅಪ್’ ಅಂದರೆ ಮಗ. ಗ್ರಿಫಿತ್‌ನ ಮಗ ರೀಸ್ ಆದರೆ ರೀಸ್ ಅಪ್ ಗ್ರಿಫಿತ್. ಅವನ ಮಗನಿಗೆ ಅಪ್ ರೀಸ್. ಪ್ರತಿ ತಲೆಮಾರಿಗೂ ಕೊನೆಯ ಹೆಸರು ಬದಲು. ನಮ್ಮ ಇನಿಷಿಯಲ್ ಪದ್ಧತಿಯೂ ಇದೇ ತಾನೇ? ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ಮೊದಲು ಊರು, ಆಮೇಲೆ ಅಪ್ಪ, ಆಮೇಲೆ ತಾನು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಅಂತ ಒಂದು ಖಾಲಿ ಜಾಗ ಬಂದಾಗ ನಮ್ಮ ಕಡೆಯವರು ಅಪ್ಪನ ಹೆಸರು ತುಂಬಬೇಕೋ ಊರಿನ ಹೆಸರು ತುಂಬಬೇಕೋ ಅಂತ ಒದ್ದಾಡುವುದನ್ನು ನೋಡಿಯೇ ಇದ್ದೀರಿ. ವೇಲ್ಸ್‌ನವರಿಗೂ ಆ ಒದ್ದಾಟ ಬಂತು. 1536ರಿಂದ ಆ ನಾಡಿಗೆ ಇಂಗ್ಲೆಂಡಿನ ಕಾನೂನು, ಇಂಗ್ಲಿಷ್ ಕಚೇರಿ ಗಟ್ಟಿಯಾದಂತೆ ಬದಲಾಗದ ಒಂದು ಅಡ್ಡಹೆಸರು ಬೇಕಾಯಿತು, ಇದ್ದ ಅಪ್ಪನ ಹೆಸರೇ ಅಲ್ಲಿಗೆ ನಿಂತುಬಿಟ್ಟಿತು.

ಹಾಗೆ ನಿಂತಾಗ ಆದ ಚಮತ್ಕಾರ ನೋಡಿ. ‘ಅಪ್ ರೀಸ್’ ಅನ್ನುವುದನ್ನು ಬೇಗ ಬೇಗ ಹೇಳಿ. ಮುಂದಿನ ಅ ಬಿದ್ದುಹೋಗಿ ‘ಪ್ರೀಸ್’ ಆಗುತ್ತದೆ. ಅದೇ ಪ್ರೀಸ್, ಅದೇ ಪ್ರೈಸ್. ಅಪ್ ಹ್ಯೂ ಆಗಿದ್ದು ಪ್ಯೂ, ಅಪ್ ಹೋವೆಲ್ ಆಗಿದ್ದು ಪೋವೆಲ್, ಅಪ್ ರಿಚರ್ಡ್ ಆಗಿದ್ದು ಪ್ರಿಚರ್ಡ್, ಅಬ್ ಓವೆನ್ ಆಗಿದ್ದು ಬೋವೆನ್. ಇದನ್ನು ಕ್ಲಾಸಿನಲ್ಲಿ ಹೇಳಿದ ದಿನ ಮಕ್ಕಳು ಕಾರಿಡಾರಿನ ತುಂಬ ‘ಅಪ್ ರೀಸ್, ಅಪ್ ರೀಸ್’ ಅಂತ ಹೇಳಿಕೊಂಡು ಓಡಾಡಿದರು. ಒಬ್ಬಳು ಹುಡುಗಿ ‘ಹಾಗಾದ್ರೆ ರೈಸು ಪ್ರೈಸು ಎರಡೂ ಒಂದೇ ಮನೆ ಸರ್’ ಅಂದಳು. ಒಂದೇ ಮನೆ ಅಲ್ಲ, ಒಂದೇ ಹೆಸರು ಅಂತ ತಿದ್ದಿದೆ. ಈ ವ್ಯತ್ಯಾಸ ಮುಂದೆ ಲಾಂಛನದ ಮಾತಿಗೆ ಬೇಕಾಗುತ್ತದೆ.

ಆ ರೀಸ್‌ಗಳಲ್ಲಿ ಒಬ್ಬನನ್ನಾದರೂ ಫ್ರೇಮಿನಲ್ಲಿ ಹೆಸರಿಸಬೇಕಿತ್ತು. ದಕ್ಷಿಣ ವೇಲ್ಸ್‌ನ ದೊರೆ ರೀಸ್ ಅಪ್ ಗ್ರಿಫಿತ್ 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ಕವಿಗಳನ್ನೂ ಸಂಗೀತಗಾರರನ್ನೂ ಕರೆಸಿ ಸ್ಪರ್ಧೆ ಏರ್ಪಡಿಸಿದ. ಗೆದ್ದ ಕವಿಗೆ ಒಂದು ಕುರ್ಚಿ, ಗೆದ್ದ ವಾದ್ಯಗಾರನಿಗೆ ಒಂದು ಕುರ್ಚಿ. ಇವತ್ತಿಗೂ ವೇಲ್ಸ್‌ನ ಸಾಹಿತ್ಯ ಹಬ್ಬದಲ್ಲಿ ಕವಿಗೆ ಕುರ್ಚಿಯೇ ಬಹುಮಾನ. ರೈಸ್ ಅವರು ಹೊರತಂದ ತಾಳಗುಂದದ ಶಾಸನವೂ ಒಬ್ಬ ಕವಿಯದೇ. ಕದಂಬರ ಮಯೂರಶರ್ಮ ಓದಲು ಕಂಚಿಗೆ ಹೋಗಿ, ಅಲ್ಲಿ ಪಲ್ಲವರ ಸವಾರನೊಬ್ಬನ ಜೊತೆ ಜಗಳ ಆಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆಯನ್ನು ಕುಬ್ಜ ಅನ್ನುವ ಕವಿ ತಾನೇ ಬರೆದು ತಾನೇ ಕಲ್ಲಿಗೆ ಕೊರೆದ. ಶಿಕಾರಿಪುರ 176 ಅಂತ ಅದರ ನಂಬರು. ಕವಿಗೆ ಕುರ್ಚಿ ಕೊಟ್ಟ ದೊರೆಯ ಹೆಸರನ್ನೇ ಹೊತ್ತ ಒಬ್ಬರು ನಮ್ಮ ಕುಬ್ಜನನ್ನು ಲೋಕಕ್ಕೆ ತೋರಿಸಿದರು ಅನ್ನುವುದು ನನಗಂತೂ ಮೈ ಜುಮ್ಮೆನ್ನಿಸುವ ಸಂಗತಿ. ಅಕ್ಕಿ ವ್ಯಾಪಾರಿ ಅಂತ ಒಂದು ಸಾಲು ಬರೆದು ಇದನ್ನೆಲ್ಲ ಮುಚ್ಚಿಬಿಟ್ಟಿದ್ದಾರೆ.

ಇನ್ನು ಲಾಂಛನ. ಬಿಳಿ ಗುರಾಣಿ, ನಡುವೆ ಕರಿ ಮಾಡಿನ ಆಕಾರದ ಪಟ್ಟಿ, ಸುತ್ತ ಮೂರು ಕರಿ ಹಕ್ಕಿ. ಕೆಳಗೆ ‘ರೈಸ್ ಕುಟುಂಬದ ಲಾಂಛನ’ ಅಂತ ಬರಹ. ಒಬ್ಬ ಹುಡುಗ ‘ಪಿಂಡ ಮುಟ್ಟೋ ಕಾಗೆನಾ ಸರ್?’ ಅಂದ. ಅದು ಅಲ್ಲಿನ ಕಾಡಿನ ದೊಡ್ಡ ಕಾಗೆ. ಚಿತ್ರ ಸುಳ್ಳಲ್ಲ. ಮೂರು ಕಾಗೆಯ ಗುರಾಣಿ ನಿಜವಾಗಿಯೂ ಒಂದು ಮನೆತನಕ್ಕೆ ಸೇರಿದ್ದೇ. ವೇಲ್ಸ್‌ನ ಡಿನೆವರ್ ಕೋಟೆಯ ರೈಸ್ ಮನೆತನ ಅದು. 1485ರಲ್ಲಿ ಬಾಸ್‌ವರ್ತ್ ಯುದ್ಧದಲ್ಲಿ ಹೆನ್ರಿ ಟ್ಯೂಡರ್ ಕಡೆ ನಿಂತು ಹೋರಾಡಿದ ರೀಸ್ ಅಪ್ ಥಾಮಸ್ ಅವರ ಹಿರಿಯ. ಆದರೆ ಡಿನೆವರ್ ಮನೆಯ ಗುರಾಣಿ ಲೋಕದಲ್ಲಿರುವ ರೈಸ್‌ಗಳಿಗೆಲ್ಲ ಹೇಗೆ ಸೇರುತ್ತದೆ? ಇಂಗ್ಲೆಂಡಿನಲ್ಲಿ ಲಾಂಛನದ ಲೆಕ್ಕ ಇಡಲು 1484ರಿಂದ ಕಾಲೇಜ್ ಆಫ್ ಆರ್ಮ್ಸ್ ಅಂತ ಒಂದು ಸಂಸ್ಥೆಯೇ ಇದೆ. ಸರ್‌ನೇಮಿಗೆ ಅಂತ ಲಾಂಛನ ಇರುವುದಿಲ್ಲ, ಒಬ್ಬ ವ್ಯಕ್ತಿಗೆ ಕೊಡುತ್ತಾರೆ, ಅವನ ವಂಶದವರಿಗೆ ಮಾತ್ರ ಅದು ಬರುತ್ತದೆ ಅಂತ ಅವರೇ ಸ್ಪಷ್ಟವಾಗಿ ಹೇಳುತ್ತಾರೆ. ಕೆಳದಿ ಅರಸರೂ ನಾಯಕರು, ನಮ್ಮ ಊರಲ್ಲೂ ನಾಯ್ಕರು ಅನ್ನುವವರು ಎಷ್ಟೋ ಮನೆ ಇದ್ದಾರೆ. ಅಷ್ಟಕ್ಕೇ ಎಲ್ಲರ ಮನೆ ಬಾಗಿಲಿಗೂ ಕೆಳದಿಯ ಗಂಡಭೇರುಂಡ ಬರೆಯಲು ಆಗುತ್ತದೆಯೇ? ಒಂದೇ ಹೆಸರು ಬೇರೆ, ಒಂದೇ ಮನೆ ಬೇರೆ.

ಇಂಥ ಫ್ರೇಮು ಕೊಳ್ಳುವವರು ಇದೊಂದನ್ನು ದಯವಿಟ್ಟು ನೆನಪಿಡಿ. ವಿದೇಶದಲ್ಲಿರುವ ಗೆಳೆಯರಿಗೆ, ಅಳಿಯಂದಿರಿಗೆ ಉಡುಗೊರೆ ಅಂತ ತರಿಸುವವರು ಇದ್ದಾರೆ. ಅವರಿಗೆ ಸೇರದ ಗುರಾಣಿ ಕೊಟ್ಟು ಮುಜುಗರ ಮಾಡಬೇಡಿ.

ಎಷ್ಟು ಜನಕ್ಕೆ ಈ ಹೆಸರಿದೆ ಅನ್ನುವ ಭಾಗ ಅತಿ ಸಪ್ಪೆ. ಜಗತ್ತಿನ ನಕ್ಷೆಗೆ ಅಲ್ಲಲ್ಲಿ ಕೆಂಪು ಬಣ್ಣ ಬಳಿದು ‘ಬಹಳ ಜನಪ್ರಿಯ’ ಅಂತ ಬರೆದಿದ್ದಾರೆ, ಒಂದು ಅಂಕಿಯೂ ಇಲ್ಲ. ಇಂಗ್ಲೆಂಡ್, ವೇಲ್ಸ್ ಎರಡೂ ಸೇರಿದರೆ ಮೊದಲ ನೂರು ಸರ್‌ನೇಮುಗಳಲ್ಲಿ ಪ್ರೈಸ್ ಬರುತ್ತದೆ, ರೈಸ್ ಬರುವುದಿಲ್ಲ. ಅಂದರೆ ‘ಅಪ್’ ಅಂಟಿಸಿಕೊಂಡ ಹೆಸರೇ ಅಲ್ಲಿ ಜಾಸ್ತಿ ಉಳಿದದ್ದು. ಎಲ್ಲಕ್ಕಿಂತ ಮೇಲೆ ಸ್ಮಿತ್, ಕಮ್ಮಾರ. ಅಮೆರಿಕದ 2010ರ ಜನಗಣತಿಯಲ್ಲಿ ಸ್ಮಿತ್ ಅನ್ನುವವರೇ 24 ಲಕ್ಷಕ್ಕಿಂತ ಜಾಸ್ತಿ. ಅಮೆರಿಕದಲ್ಲಿ ರೈಸ್‌ಗಳೂ ತುಂಬ ಇದ್ದಾರೆ, ಅದಕ್ಕೆ ಕಾರಣವೂ ಒಂದಲ್ಲ. 1638ರಲ್ಲೇ ಎಡ್ಮಂಡ್ ರೈಸ್ ಅನ್ನುವವರು ಇಂಗ್ಲೆಂಡಿನಿಂದ ಹೋಗಿ ಮ್ಯಾಸಚೂಸೆಟ್ಸ್‌ನ ಸಡ್‌ಬರಿಯಲ್ಲಿ ನೆಲೆಸಿದರು, ಅವರ ಸಂತತಿ ದೊಡ್ಡದಾಗಿ ಬೆಳೆಯಿತು. ಜರ್ಮನಿಯಿಂದ ಹೋದ ರೈಸ್, ರಾಯ್ಸ್ ಥರದ ಹೆಸರಿನವರೂ ಅಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಹಿಡಿದು ಇದೇ ಸಾಲಿಗೆ ಸೇರಿಕೊಂಡರು. ಅಮೆರಿಕದ ವಿದೇಶಾಂಗ ಮಂತ್ರಿಯಾಗಿದ್ದ ಕಾಂಡೊಲೀಜಾ ರೈಸ್ ಅವರಂಥ ಕಪ್ಪು ಜನರಲ್ಲೂ ಈ ಹೆಸರಿದೆ. ಐರ್ಲೆಂಡಿನಲ್ಲೂ ಹಳೇ ಕಾಲದಿಂದ ಇದೆ. ಬಡ ಹುಡುಗರಿಗಾಗಿ 1802ರಲ್ಲಿ ವಾಟರ್‌ಫರ್ಡ್‌ನಲ್ಲಿ ಶಾಲೆ ತೆರೆದ ಎಡ್ಮಂಡ್ ಇಗ್ನೇಷಿಯಸ್ ರೈಸ್ ಅಲ್ಲಿಯವರು, ಮೇಷ್ಟ್ರಾದ ನನಗೆ ಅವರ ಹೆಸರು ಹೇಳದೆ ಇರಲು ಆಗುವುದಿಲ್ಲ. ನಮ್ಮ ಹುಡುಗರಿಗೆ ಮಾತ್ರ ಗೊತ್ತಿದ್ದದ್ದು ಒಬ್ಬರೇ, ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಡೆಕ್ಲನ್ ರೈಸ್. ಇವರೆಲ್ಲರ ಹೆಸರೂ ಒಂದೇ, ಬಂದ ದಾರಿ ಬೇರೆ ಬೇರೆ. ಕೆಂಪು ಬಣ್ಣ ಬಳಿದ ನಕ್ಷೆ ಇದರಲ್ಲಿ ಒಂದನ್ನೂ ಹೇಳುವುದಿಲ್ಲ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ರೈಸ್ ಮೆಮೋರಿಯಲ್ ಚರ್ಚ್ ಇದೆ. ಬಿ.ಎಲ್. ರೈಸ್ ಅವರ ತಂದೆಯ ನೆನಪಿಗೆ ಇಟ್ಟ ಹೆಸರು. ಪೇಟೆ ಬೀದಿ ಆದ್ದರಿಂದ ಅಕ್ಕಿ ಮಂಡಿಗೂ ಅದಕ್ಕೂ ಏನೋ ಸಂಬಂಧ ಇರಬೇಕು ಅಂತ ನಾನೇ ಕಾಲೇಜು ದಿನಗಳಲ್ಲಿ ಅಂದುಕೊಂಡಿದ್ದೆ. ಹಾಗಾಗಿ ಇಂಥ ತಪ್ಪು ಎಷ್ಟು ಸುಲಭವಾಗಿ ಬೇರು ಬಿಡುತ್ತದೆ ಅಂತ ನನಗೆ ಗೊತ್ತು. ಗಾಜಿನೊಳಗೆ ಸೇರಿಕೊಂಡು ಶಾಲೆಯ ಗೋಡೆ ಹತ್ತಿಬಿಟ್ಟರೆ ಅದನ್ನು ಕೀಳುವುದು ಕಷ್ಟ.

ಕಸ್ಟಮರ್ ಕೇರ್ ಬಗ್ಗೆ. ಮೊದಲ ಮೇಲ್‌ಗೆ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಅಂತ ತಕ್ಷಣ ಉತ್ತರ. ಎರಡನೇದಕ್ಕೆ ಮುಂದಿನ ಆರ್ಡರ್ ಮೇಲೆ ಹತ್ತು ಪರ್ಸೆಂಟ್ ಕಡಿಮೆ ಮಾಡುವ ಕೂಪನ್. ಮೂರನೇದಕ್ಕೆ ಒಬ್ಬರು ಫೋನ್ ಮಾಡಿದರು, ಮರ್ಯಾದೆಯಿಂದ ಮಾತಾಡಿದರು. ಬರಹವನ್ನು ಕೂತು ಯಾರೂ ಬರೆಯುವುದಿಲ್ಲ, ಹೆಸರು ಹಾಕಿದರೆ ಕಂಪ್ಯೂಟರ್‌ನಿಂದ ತಾನೇ ಬಂದು ಕೂರುತ್ತದೆ ಅಂತ ಒಪ್ಪಿಕೊಂಡರು. ನಾನೇ ಸರಿಯಾದ ಬರಹ ಕಳಿಸಿದರೆ 900 ರೂಪಾಯಿಗೆ ಇನ್ನೊಂದು ಅಚ್ಚು ಹಾಕಿಕೊಡುತ್ತೇವೆ ಅಂದರು. ದುಡ್ಡು ವಾಪಸ್ ಕೇಳಿದೆ. ಹೆಸರು ಹಾಕಿ ಮಾಡಿಸಿದ ವಸ್ತುವಿಗೆ ವಾಪಸ್ ಇಲ್ಲ ಅಂದರು. ತಪ್ಪು ಅವರದ್ದು, ತಿದ್ದುವವನು ನಾನು, ಮತ್ತೆ ದುಡ್ಡು ಕೊಡುವವನೂ ನಾನು. ಇದು ಸರಿ ಅಲ್ಲ.

ಕಟ್ಟಿನ ವಿಷಯಕ್ಕೆ ಬಂದರೆ, ಮರ ಒಳ್ಳೆಯದು, ಮೂಲೆಗಳು ಸರಿಯಾಗಿ ಕೂತಿವೆ. ಹಿಂದಿನ ಹಲಗೆ ಮಾತ್ರ ಎಂಡಿಎಫ್, ಅಂದರೆ ಮರದ ನಾರಿನ ಪುಡಿ ಒತ್ತಿ ಮಾಡಿದ್ದು. ಬಯಲುಸೀಮೆಯಲ್ಲಿ ಪರವಾಗಿಲ್ಲ, ನಮ್ಮ ಕಡೆ ಆಗುವುದಿಲ್ಲ. ಸ್ಟಾಫ್ ರೂಮಿನಲ್ಲಿ ಗೋಡೆಗೆ ಒರಗಿಸಿಟ್ಟ ಹನ್ನೆರಡೇ ದಿನಕ್ಕೆ ಕೆಳಗಿನ ಅಂಚು ಉಬ್ಬಿಕೊಂಡು, ಒಳಗಡೆ ಬೂಷ್ಟಿನ ವಾಸನೆ ಶುರುವಾಯಿತು.

ಕೊನೆಗೆ ನಾವೇ ಮಾಡಿಸಿದೆವು. ಹತ್ತನೇ ಕ್ಲಾಸಿನ ಮಕ್ಕಳು ಮೂರು ದಿನ ಕೂತು ಕನ್ನಡದಲ್ಲಿ ಬರೆದರು, ನಾನು ಎರಡೇ ಕಡೆ ತಿದ್ದಿದೆ. ಅದು ಹೀಗಿದೆ: ‘ರೈಸ್ ಅಂದರೆ ಅಕ್ಕಿ ಅಲ್ಲ. ವೇಲ್ಸ್ ನಾಡಿನ ರೀಸ್ ಎಂಬ ಹೆಸರಿನ ಇಂಗ್ಲಿಷ್ ರೂಪ. ಅರ್ಥ, ಉತ್ಸಾಹ. ರೀಸ್‌ನ ಮಗ ಅನ್ನುವ ಅಪ್ ರೀಸ್ ಎಂಬುದೇ ಪ್ರೈಸ್ ಆಗಿದೆ. ಈ ಹೆಸರಿನ ಬೆಂಜಮಿನ್ ಲೂಯಿಸ್ ರೈಸ್ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ನಮ್ಮ ತಾಲ್ಲೂಕಿನ ಶಾಸನಗಳನ್ನು 1904ರಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. 1927ರಲ್ಲಿ ತೀರಿಕೊಂಡರು.’ ಲಾಂಛನ ಹಾಕಲಿಲ್ಲ.

ಸಾಗರದ ಒಂದು ಡಿಟಿಪಿ ಅಂಗಡಿಯಲ್ಲಿ ದಪ್ಪ ಕಾಗದಕ್ಕೆ ಪ್ರಿಂಟು, 140 ರೂಪಾಯಿ. ದೇವರ ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಗೆ ತಗೊಂಡು ಹೋದೆ. ಆತ ಕೇಳಿದ ಮೊದಲ ಮಾತೇ ‘ಯಾವ ಗೋಡೆಗೆ ಹಾಕ್ತೀರಿ ಸರ್, ಹೊರಗೋಡೆಗಾ ಒಳಗೋಡೆಗಾ?’ ಅಂತ. ಮಳೆಗಾಲದಲ್ಲಿ ಹೊರಗೋಡೆ ಒಳಗಿಂದಲೂ ಬೆವರುತ್ತದೆ. ಹಿಂದೆ ತೆಳು ಪ್ಲೈವುಡ್ ಹಾಕಿ, ಅಂಚಿಗೆಲ್ಲ ಕಾಗದದ ಟೇಪು ಸುತ್ತಿ, ಕೆಳಗಿನ ಎರಡು ಮೂಲೆಗೆ ಬೆರಳುಗಾತ್ರದ ಮರದ ತುಂಡು ಅಂಟಿಸಿಕೊಟ್ಟ, ಗೋಡೆಗೂ ಹಲಗೆಗೂ ನಡುವೆ ಗಾಳಿ ಆಡಲಿ ಅಂತ. 520 ರೂಪಾಯಿ, ಒಂದು ಗಂಟೆ ಕೆಲಸ. ಇವರಿಗೆ ಐದಕ್ಕೆ ಐದು.

ಆನ್‌ಲೈನಿಂದ ಬಂದ ಹಾಳೆಯನ್ನು ಬೀರುವಿನಲ್ಲಿ ಇಟ್ಟಿದ್ದೇನೆ. ಪ್ರತಿ ವರ್ಷ ಎಂಟನೇ ಕ್ಲಾಸಿಗೆ ತೋರಿಸಿ ತಪ್ಪು ಹುಡುಕಿ ಅಂತ ಕೊಡುವ ಯೋಚನೆ ಇದೆ. ಮರದ ಕಟ್ಟು ಮಾತ್ರ ಕೆಲಸಕ್ಕೆ ಬಂತು. ಮಕ್ಕಳು ಪ್ರವಾಸಕ್ಕೆ ಹೋದಾಗ ಪ್ರಣವೇಶ್ವರ ಗುಡಿ ಮುಂದೆ ತೆಗೆದ ತಾಳಗುಂದದ ಕಂಬದ ಫೋಟೋ ಈಗ ಅದರೊಳಗೆ ಇದೆ. ಎಂಡಿಎಫ್ ತೆಗೆಸಿ ಪ್ಲೈವುಡ್ ಹಾಕಿಸಿದೆ, ಅದಕ್ಕೆ 90 ರೂಪಾಯಿ ಬೇರೆ.